ಮಿಕ್ಕ ನಟ್ಟು

ಜನವರಿ ೪, ಭಾನುವಾರ. ಬೆಳಿಗ್ಗೆ ೬.೩೦

ಸೈಕಲ್ ಸೀಟಿನ ಕಂಬಕ್ಕೆ ಮತ್ತೆ ಎಣ್ಣೆ ಬಿಟ್ಟೆ. ಇದು ನಾಲ್ಕನೇ ದಿನ. ಅಲ್ಲಾಡಿಲ್ಲ. ನಾನೂ ಅಲ್ಲಾಡುವವಳಲ್ಲ.

ಅಟ್ಟದಿಂದ ಇಳಿಸಿದ ದಿನವೇ ಬರೆಯಬೇಕಿತ್ತು. ಅಮ್ಮ ಗುಜರಿಯವನನ್ನು ಕರೆಸಿದ್ದಳು. ಹಳೇ ಟ್ರಂಕು, ಒಡೆದ ಬಕೆಟ್ಟು, ಜೊತೆಗೆ ಅಪ್ಪನ ಸೈಕಲ್ಲು. ಅಂಗಡಿಯಿಂದ ಊಟಕ್ಕೆ ಬಂದವಳು ಬಾಗಿಲಲ್ಲೇ ತಡೆದೆ. ಟ್ರಂಕು ಬಕೆಟ್ಟು ಒಯ್ಯಪ್ಪಾ, ಸೈಕಲ್ ಮುಟ್ಟಬೇಡ ಅಂದೆ.

ಅಟ್ಟದ ಕೊಕ್ಕೆಗೆ ತಾಮ್ರದ ತಂತಿ ಬಿಗಿದಿತ್ತು. ಅಪ್ಪನ ಕೈ. ಲೈನ್‌ಮನ್ ಆಗಿದ್ದವರು... ಎಡಕ್ಕೆ ಮೂರು ಸುತ್ತು, ತುದಿ ಮಡಚಿ ಒಳಕ್ಕೆ, ಯಾರ ಕೈಗೂ ಗೀರಬಾರದು ಅಂತ. ಪೊರಕೆ, ಗೇಟು, ಕೊಡೆಯ ಹಿಡಿ, ಎಲ್ಲಕ್ಕೂ ಅದೇ ಸುತ್ತು. ಕತ್ತರಿಸುವಾಗ ಕೈ ತಡೆಯಿತು. ಅಪ್ಪ ಹೋಗಿ ಹನ್ನೊಂದು ವರ್ಷ.

ಇವರು ನೋಡಿ ನಕ್ಕರು. "ಮೂಗಿಗಿಂತ ಮೂಗುತಿ ಭಾರ ಆಗುತ್ತೆ ನೋಡು. ಇದರ ಖರ್ಚಿಗೆ ಹೊಸದೇ ಬರುತ್ತಿತ್ತು."

ಹೊಸದು ಬೇಡ. ಇದೇ ಬೇಕು.

ಜನವರಿ ೧೧, ಭಾನುವಾರ

ಕಂಬ ಬಂತು. ಕಟ್ ಅಂತ ಒಂದು ಸದ್ದು, ಆಮೇಲೆ ಬೆಣ್ಣೆಯ ಹಾಗೆ. ಒಬ್ಬಳೇ ನಕ್ಕೆ. ಇವರು ಕಾಫಿ ಲೋಟ ಹಿಡಿದು ನಿಂತಿದ್ದರು. "ನಮ್ಮ ಮದುವೆಯಲ್ಲೂ ನೀನು ಇಷ್ಟು ನಕ್ಕಿರಲಿಲ್ಲ."

ಪೆಡಲ್ ಎರಡೂ ಬಿಚ್ಚಿದೆ. ಎಡಗಡೆಯದು ಉಲ್ಟಾ ತಿರುಗುತ್ತದೆ. ಯಾರೂ ಹೇಳಿಕೊಡಬೇಕಾಗಲಿಲ್ಲ. ಹದಿಮೂರನೇ ವಯಸ್ಸಿಗೇ ಗೊತ್ತಿತ್ತು. ಕೈಗೆ ಇನ್ನೂ ನೆನಪಿದೆ.

ಅದನ್ನೂ ಬರೆದೇಬಿಡುತ್ತೇನೆ. ನನಗೆ ಹದಿಮೂರು, ಅಣ್ಣನಿಗೆ ಹದಿನೇಳು. ಮುಂದಿನ ಬ್ರೇಕ್ ಹೇಗೆ ಹಿಡಿಯುತ್ತದೆ ನೋಡಬೇಕು ಅಂತ ಬಿಚ್ಚಿದೆ. ಮತ್ತೆ ಜೋಡಿಸಿದೆ. ಎಲ್ಲ ಆದ ಮೇಲೆ ಕೈಯಲ್ಲಿ ಒಂದು ನಟ್ಟು ಮಿಕ್ಕಿತ್ತು. ಹೆದರಿ ಬಚ್ಚಿಟ್ಟೆ. ಎರಡು ದಿನ ಬಿಟ್ಟು ಅಣ್ಣ ಕೆರೆಯ ಇಳಿಜಾರಿನಲ್ಲಿ ಮೋರಿ ಕಟ್ಟೆಗೆ ಗುದ್ದಿದ. ಬಲಗಾಲು ಮೂರು ಕಡೆ ಮುರಿಯಿತು. ಇವತ್ತಿಗೂ ಕೋಲು. "ಬ್ರೇಕ್ ಹಿಡೀಲಿಲ್ಲ" ಅಂದ, ಅಷ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು.

ಅಲ್ಲಿಂದಾಚೆ ಸ್ಪಾನರ್ ಮುಟ್ಟಲು ಬಿಡಲಿಲ್ಲ. ಟೆಕ್ನಿಕಲ್ ಸ್ಕೂಲಿನ ಅರ್ಜಿ ತಂದಿದ್ದೆ. "ನಿನಗೆ ಮಶೀನಿನ ಕೆಲಸ ಬೇಡ" ಅಂತ ಅಪ್ಪ ಮಡಚಿ ವಾಪಸ್ ಕೊಟ್ಟರು. ಕೊನೆಗೆ ಕನ್ನಡಕದ ಅಂಗಡಿ. ಮೂವತ್ತೊಂದು ವರ್ಷದಿಂದ ಸಾಸಿವೆ ಕಾಳಿನಷ್ಟು ಸ್ಕ್ರೂ ಬಿಗಿಯುತ್ತಿದ್ದೇನೆ. ಒಂದೂ ಮಿಕ್ಕಿಲ್ಲ. ಎಣಿಸಿಯೇ ಏಳುತ್ತೇನೆ.

ಮನೆಯಲ್ಲಿ ನಲ್ಲಿ ಸೋರಿದರೂ, ಫ್ಯಾನ್ ನಿಂತರೂ ಅಮ್ಮನದು ಒಂದೇ ಮಾತು. "ಇವಳ ಕೈ ತಾಗಿತ್ತಾ?" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಲವತ್ತಮೂರು ವರ್ಷ ನಕ್ಕಿದ್ದೇನೆ.

ಆ ನಟ್ಟು ಗುಂಡಿ ಡಬ್ಬಿಯಲ್ಲಿ ಈಗಲೂ ಇದೆ. ಅದು ಎಲ್ಲಿಯದು ಅಂತ ತಿಳಿಯಬೇಕು. ಬ್ರೇಕಿನದೇ ಆಗಿದ್ದರೆ ಅಣ್ಣನ ಮುಂದೆ ಕೂತು ಹೇಳುತ್ತೇನೆ. ಆಗಿರದಿದ್ದರೆ... ನೋಡೋಣ.

ಜನವರಿ ೧೮

ಹಳೇ ಸೈಕಲ್ ಓಡಿಸುವವರ ಬಳಗದ ಮೇಷ್ಟ್ರು ನಿನ್ನೆ ಅಂಗಡಿಗೆ ಬಂದಿದ್ದರು. ಟೆಕ್ನಿಕಲ್ ಸ್ಕೂಲಿನಲ್ಲಿ ಲೇತ್ ಮಶೀನ್ ಕೆಲಸ ಕಲಿಸುತ್ತಿದ್ದವರು. ನಾನು ಹೋಗದೇ ಇದ್ದ ಸ್ಕೂಲು. ಅವರ ಕನ್ನಡಕ ನಾನೇ ಮಾಡಿಕೊಡುವುದು.

ಮಾರ್ಚ್ ೨೯ಕ್ಕೆ ಬಳಗದ ವರ್ಷದ ರೈಡ್. ನಲವತ್ತು ಕಿಲೋಮೀಟರ್. ತಮ್ಮ ಸೈಕಲ್ಲನ್ನು ತಾವೇ ಬಿಚ್ಚಿ ಜೋಡಿಸಿದವರು ಮಾತ್ರ ಹೆಸರು ಕೊಡಬಹುದು. ಯಾವ ದಾರಿ ಅಂತ ಕೇಳಿದೆ. ಕೆರೆಯ ಇಳಿಜಾರು ಅಂದರು.

ಹೆಸರು ಬರೆಸಿದೆ.

ಫೆಬ್ರವರಿ ೧, ಭಾನುವಾರ

ಬ್ರೇಕಿಗೆ ಕೈ ಹಾಕಿದೆ. ಇಷ್ಟು ದಿನ ಅದೊಂದನ್ನು ಬಿಟ್ಟು ಎಲ್ಲ ಬಿಚ್ಚಿದ್ದೆ. ಧೈರ್ಯ ಸಾಲದೆ ಫ್ರೇಮನ್ನೇ ಆಟೋದಲ್ಲಿ ಹಾಕಿಕೊಂಡು ಮೇಷ್ಟ್ರ ಶೆಡ್ಡಿಗೆ ಒಯ್ದೆ. ನಟ್ಟು ಪರ್ಸಿನಲ್ಲಿತ್ತು. ಅಣ್ಣ ಬಿದ್ದದ್ದನ್ನೂ ಮೇಷ್ಟ್ರಿಗೆ ಹೇಳಿದೆ.

ಮುಂದಿನ ಬ್ರೇಕಿನ ಒಂದೊಂದೇ ನಟ್ಟು ಬಿಚ್ಚಿ ಪೇಪರಿನ ಮೇಲೆ ಸಾಲಾಗಿಟ್ಟೆ. ಎಲ್ಲ ಇವೆ. ಒಂದೂ ಕಮ್ಮಿ ಇಲ್ಲ. ನನ್ನದನ್ನು ಪ್ರತಿ ಬೋಲ್ಟಿಗೂ ಹಚ್ಚಿ ನೋಡಿದೆ. ಯಾವುದಕ್ಕೂ ಕೂರಲಿಲ್ಲ. ತಿರುಪು ಬೇರೆ, ಅಳತೆ ಬೇರೆ. ಸ್ಟೂಲಿನ ಮೇಲೆ ಕೂತೆ.

ಮೇಷ್ಟ್ರು ಮಾತ್ರ ಬೇರೇನನ್ನೋ ನೋಡುತ್ತಿದ್ದರು. ಚಕ್ರವನ್ನು ಅಪ್ಪಿಕೊಂಡು ಎರಡು ಕಡೆ ರಬ್ಬರ್ ಹಿಡಿಯುವ ಕಂಬಿ ಇದೆಯಲ್ಲ, ಕುದುರೆ ಲಾಳದ ಹಾಗೆ, ಅದನ್ನು.

"ಏನಮ್ಮ, ಸೈಕಲ್ ಬಿದ್ದಾಗ ಈ ಲಾಳ ಇದರ ಮೇಲೆ ಇರಲಿಲ್ಲ."

"ಇತ್ತು ಮೇಷ್ಟ್ರೇ. ನಾನೇ ಹಾಕಿದ್ದೆ."

"ನೀವು ಹಾಕಿರಬಹುದು. ಆಮೇಲೆ ಯಾರೋ ಬಿಚ್ಚಿದ್ದಾರೆ. ನೋಡಿ, ಮುಂದಿನ ಚಕ್ರ ಹಿಡಿಯೋ ಈ ಫೋರ್ಕ್ ನಾಲ್ಕು ಬೆರಳು ಹಿಂದಕ್ಕೆ ಬಾಗಿದೆ. ಲಾಳ ಫೋರ್ಕಿಗೇ ಕಚ್ಚಿಕೊಂಡಿರೋದು. ಅದು ಬಾಗಿದ್ರೆ ಇದೂ ಸೊಟ್ಟ ಆಗಲೇಬೇಕು. ಇದಕ್ಕೊಂದು ಗೀರೂ ಇಲ್ಲ. ನೀವೇ ಮಾಡಿಕೊಟ್ಟ ಕನ್ನಡಕದಲ್ಲಿ ನೋಡ್ತಿದೀನಿ."

ಯಾಕೆ ಬಿಚ್ಚುತ್ತಾರೆ ಅಂತ ಕೇಳಿದೆ.

"ಆಗಿನ ಹುಡುಗರಿಗೆ ಅದೊಂದು ಹುಚ್ಚು. ಮುಂದಿನ ಬ್ರೇಕ್ ಕಿತ್ತರೆ ರೇಸ್ ಸೈಕಲ್ ಥರ ಕಾಣುತ್ತೆ ಅಂತ. ನಾನೂ ಕಿತ್ತಿದ್ದೆ. ಇಲ್ಲಿ ಹಲ್ಲು ಹೋಗಿದೆ ನೋಡಿ." ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಬಿದ್ದ ಮೇಲೆ ಯಾರೋ ವಾಪಸ್ ಹಾಕಿದ್ದಾರೆ. ಬಾಗಿದ ಫೋರ್ಕಿಗೆ ಸರಿಯಾಗಿ ಕೂತಿಲ್ಲ, ಅದಕ್ಕೇ ತಂತಿ ಕಟ್ಟಿದ್ದಾರೆ."

ತಂತಿ ನೋಡಿದೆ. ತಾಮ್ರ. ಎಡಕ್ಕೆ ಮೂರು ಸುತ್ತು. ತುದಿ ಮಡಚಿ ಒಳಕ್ಕೆ.

ಫೆಬ್ರವರಿ ೨೦, ಶುಕ್ರವಾರ

ಹತ್ತೊಂಬತ್ತು ದಿನ ಏನೂ ಬರೆದಿಲ್ಲ. ಸೈಕಲ್ಲನ್ನೂ ಮುಟ್ಟಿಲ್ಲ.

ಅಪ್ಪನ ಫೋಟೋ ಇರುವ ಗೋಡೆಯ ಕಡೆ ಮುಖ ಮಾಡಿ ಊಟ ಮಾಡಲು ಆಗುತ್ತಿಲ್ಲ. ಅಣ್ಣನ ಕಾಲು ಆಗ ಪ್ಲಾಸ್ಟರಿನಲ್ಲಿತ್ತು. ಅವನು ಹಾಕಿರಲು ಸಾಧ್ಯವಿಲ್ಲ. ಬಿಚ್ಚಿದ್ದು ಅವನು, ವಾಪಸ್ ಹಾಕಿದ್ದು ಅಪ್ಪ. ಹಾಕಿ, ತಂತಿ ಕಟ್ಟಿ, ಅಟ್ಟಕ್ಕೇರಿಸಿದರು. ಕಾಲು ಮುರಿದ ಮಗನನ್ನು ಯಾರೂ ಬೈಯಬಾರದು ಅಂತ ಹದಿಮೂರರ ಹುಡುಗಿಯ ತಲೆ ಮೇಲೆ ಗೂಬೆ ಕೂರಿಸಿದರು. ಯಾರ ಕೈಗೂ ಗೀರಬಾರದು ಅಂತ ತಂತಿಯ ತುದಿ ಮಡಚುತ್ತಿದ್ದ ಮನುಷ್ಯ.

ಬರೆದರೆ ಸಿಟ್ಟು ಕಮ್ಮಿ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ.

ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ.

"ಸೈಕಲ್ ಮುಂದಿನ ಬ್ರೇಕ್ ಬಿಚ್ಚಿದೆ ಅಣ್ಣ."

"ಯಾಕೆ ಅದನ್ನೆಲ್ಲ ಈಗ. ಗುಜರಿಗೆ ಹಾಕು."

"ಲಾಳ ನೆಟ್ಟಗಿದೆ."

ಆ ಕಡೆ ಕೋಲು ನೆಲಕ್ಕೆ ಬಿದ್ದ ಸದ್ದು. ಆಮೇಲೆ, "ನಿಮ್ಮ ಅತ್ತಿಗೆ ಕರೀತಿದ್ದಾಳೆ, ಇಡ್ತೀನಿ."

ಸಂಜೆ ಅತ್ತಿಗೆಗೆ ಮಾಡಿದರೆ ಅವಳು ಸೋಮವಾರದಿಂದ ಮಗಳ ಮನೆಯಲ್ಲಿದ್ದಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಇನ್ನು ಐದು ವಾರ ಇದೆ. ಜೋಡಿಸುತ್ತೇನೆ.

ಮಾರ್ಚ್ ೧, ಭಾನುವಾರ

ಫೋರ್ಕ್ ನೆಟ್ಟಗಾಯಿತು. ಮೇಷ್ಟ್ರು ಗೂಟಕ್ಕೆ ಸಿಕ್ಕಿಸಿ, ಉದ್ದದ ಪೈಪ್ ನನ್ನ ಕೈಗೆ ಕೊಟ್ಟು ದೂರ ನಿಂತರು. "ನಿಧಾನ. ಜೋರು ಮಾಡಿದ್ರೆ ಬಿರುಕು ಬಿಡುತ್ತೆ. ಕೂದಲೆಳೆಯಷ್ಟು ಬಗ್ಗಿಸಿ, ನೋಡಿ, ಮತ್ತೆ ಬಗ್ಗಿಸಿ." ಮೂರು ಗಂಟೆ ಹಿಡಿಯಿತು. ರಟ್ಟೆ ಬಿದ್ದುಹೋಗಿದೆ. ಬಿರುಕಿಲ್ಲ.

ಅಮ್ಮ ನನ್ನ ಕಪ್ಪು ಕೈ ನೋಡಿ, "ಏನು ಹಾಳು ಮಾಡಿ ಬಂದೆ?" ಅಂದಳು. ಈ ಸಲ ನಗಲಿಲ್ಲ. ಅಮ್ಮ ಎರಡು ಸಲ ನನ್ನ ಮುಖ ನೋಡಿದಳು.

ಮಾರ್ಚ್ ೧೫

ಚಕ್ರ, ಚೈನು, ಮಡ್‌ಗಾರ್ಡು, ಎಲ್ಲ ಕೂತವು. ಲಾಳ ತನ್ನ ಜಾಗಕ್ಕೆ ತಾನೇ ಬಂದು ಕೂತಿತು. ತಂತಿ ಬೇಕಾಗಲಿಲ್ಲ.

ಕೊನೆಗೆ ಹ್ಯಾಂಡಲ್ಲಿಗೆ ಬೆಲ್. ಪಟ್ಟಿಗೆ ಎರಡು ಬೋಲ್ಟು, ನಟ್ಟು ಒಂದೇ. ಗುಂಡಿ ಡಬ್ಬಿ ತಂದೆ. ಬೆರಳಲ್ಲೇ ಹತ್ತಿತು, ಕೊನೆಯವರೆಗೆ. ಬ್ರೇಕ್ ಬಿಚ್ಚಲು ಅಡ್ಡ ಬಂತು ಅಂತ ಆ ದಿನ ಬೆಲ್ ತೆಗೆದಿದ್ದೆ... ಈಗ ನೆನಪಾಗುತ್ತಿದೆ.

ಒಂದು ಬೆಲ್ಲಿನ ನಟ್ಟಿಗೆ ಇಷ್ಟು ವರ್ಷ ಹೆದರಿದ್ದೆ. ಬಚ್ಚಲಿಗೆ ಹೋಗಿ ಅತ್ತೆ. ಇವರು ಹೊರಗಿನಿಂದ, "ಸೋಪು ಕಣ್ಣಿಗೆ ಹೋಯ್ತಾ?" ಅಂದರು. ಗೊತ್ತಿದ್ದೇ ಕೇಳಿದ್ದು. ಎಲ್ಲ ಹೇಳಿದೆ. ಟವೆಲ್ ತಂದು ಕೈಗೆ ಕೊಟ್ಟರು. "ಮೂಗುತಿ ಭಾರ ಅಂದಿದ್ದೆ. ತಪ್ಪಾಯ್ತು" ಅಂದರು.

ಮಾರ್ಚ್ ೨೮

ಅಣ್ಣನಿಗೆ ಒಂದು ಮೆಸೇಜ್. "ನಾಳೆ ಎಂಟೂವರೆಗೆ ಕೆರೆ ಇಳಿಜಾರಿನಲ್ಲಿ ಬರ್ತೀನಿ. ಅದೇ ಸೈಕಲ್."

ಮಾರ್ಚ್ ೨೯, ಭಾನುವಾರ. ಸಂಜೆ ೫

ಮುಗಿಸಿದೆ. ನಲವತ್ತೂ. ತೊಡೆ ಎರಡೂ ಕಲ್ಲಾಗಿವೆ. ಇಪ್ಪತ್ತಾರು ಜನ ಹೊರಟೆವು, ನಾನು ಇಪ್ಪತ್ತಮೂರನೆಯವಳಾಗಿ ಬಂದೆ. ಮೇಷ್ಟ್ರು ಕೊನೆ. ಬೇಕಂತಲೇ.

ಇಳಿಜಾರಿನ ನೆತ್ತಿಯಲ್ಲಿ ಒಂದು ಕ್ಷಣ ನಿಂತೆ. ಹೋಗುವವರೆಲ್ಲ ಹೋಗಲಿ ಅಂತ ಬಿಟ್ಟೆ. ಕೆಳಗೆ ಮೋರಿ ಕಟ್ಟೆ ಮೇಲೆ ಅಣ್ಣ ಕೂತಿದ್ದ. ಕೋಲು ಪಕ್ಕಕ್ಕೆ. ಬಿಟ್ಟೆ. ಗಾಳಿ ಕಿವಿಯಲ್ಲಿ ಹೊಡೆಯಿತು. ಅರ್ಧದಲ್ಲಿ ಎರಡೂ ಬ್ರೇಕ್ ಒತ್ತಿದೆ. ಹಿಡಿದವು. ಅವನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ನಿಂತೆ.

ಅವನು ಬಗ್ಗಿ ಲಾಳವನ್ನು ಮುಟ್ಟಿದ. ತುಂಬ ಹೊತ್ತು ಮುಟ್ಟಿಕೊಂಡೇ ಇದ್ದ.

"ಸ್ಕೂಲಲ್ಲಿ ರೇಸ್ ಇತ್ತು ಆ ವಾರ. ನಾನೇ ಕಿತ್ತಿಟ್ಟಿದ್ದೆ. ಆಸ್ಪತ್ರೆಯಲ್ಲಿ ಅಪ್ಪನಿಗೆ ಹೇಳಿದೆ. ಯಾರಿಗೂ ಹೇಳಬೇಡ, ನಾನು ನೋಡ್ಕೋತೀನಿ ಅಂದ್ರು."

ನಾನು ಇಳಿದು ಸ್ಟ್ಯಾಂಡ್ ಹಾಕಿದೆ.

"ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ಆಮೇಲೆ ಹೇಳದೇ ಇದ್ದದ್ದು ನಾನೇ."

ಬೈಯಬೇಕು ಅಂತ ಐದು ವಾರದಿಂದ ಮಾತು ಜೋಡಿಸಿಟ್ಟಿದ್ದೆ. ಅವನ ಕಾಲು ನೋಡಿದೆ. ನನ್ನ ಕೈ ನೋಡಿಕೊಂಡೆ. ಇಬ್ಬರದೂ ಹೋಗಿದೆ. ಆದರೆ ಅವನದಕ್ಕೆ ಊರೆಲ್ಲ ಮರುಗಿತ್ತು.

"ನನಗೆ ಹೇಳಿದ್ದು ಸಾಲದು ಅಣ್ಣ. ಅಮ್ಮನ ಮುಂದೆ ಹೇಳು. ಇವತ್ತೇ."

"ಎಂಬತ್ತೆರಡು ವರ್ಷ ಅವಳಿಗೆ. ಅಪ್ಪನ ಬಗ್ಗೆ ಈಗ..."

"ನನಗೆ ಹದಿಮೂರಿತ್ತು."

ಇನ್ನೂ ಇಪ್ಪತ್ತೆರಡು ಕಿಲೋಮೀಟರ್ ಇತ್ತು. ಹತ್ತಿದೆ. ಹಿಂತಿರುಗಿ ನೋಡಲಿಲ್ಲ. ತಿರುವಿನಲ್ಲಿ ಒಂದು ಸಲ ಬೆಲ್ ಹೊಡೆದೆ, ದಾರಿಯಲ್ಲಿ ಯಾರೂ ಇರಲಿಲ್ಲ.

೬.೧೦

ಗೇಟಿನ ಸದ್ದು. ಕೋಲಿನ ಸದ್ದು. ಇವರು ಬಾಗಿಲು ತೆಗೆದರು. ಅಮ್ಮ ನಡುಮನೆಯಿಂದ, "ಯಾರು ಬಂದದ್ದು? ಓ, ಬಾ ಬಾ. ನಿನ್ನ ತಂಗಿ ಆ ಸೈಕಲ್ಲನ್ನ ಏನು ಮಾಡಿಟ್ಟಿದ್ದಾಳೆ ನೋಡಿದ್ಯಾ?"

"ನೋಡಿದೆ ಅಮ್ಮ. ಟಿವಿ ಆರಿಸು. ಒಂದು ಮಾತಿದೆ."

ಟಿವಿ ನಿಂತಿತು. ಪೆನ್ನು ಇಲ್ಲಿಗೇ ಇಟ್ಟು ನಾನೂ ಅಲ್ಲಿಗೆ ಹೋಗುತ್ತೇನೆ.