ಕೆರೆದ ಮೇಣ

ರಮಿಸಣ್ಣ, ನೀನು ನಮಗೆ ದ್ರೋಹ ಮಾಡಿದೆ. ಮದುವೆ ಛತ್ರದ ಕೀಬೋರ್ಡಿನ ಜೊತೆ ಯಾರೂ ನುಡಿಸಬಾರದು, ಅದು ಪಿಟೀಲು, ದರ್ಬುಕ ಡೋಲಿನವರ ಅನ್ನ ಕಸಿಯುತ್ತದೆ ಎಂದು ನಾನು ಕರಪತ್ರ ಓದಿದಾಗ, ವಸಂತದ ಹಿದ್ರೆಲ್ಲೆಜ್ ಹಬ್ಬದ ಬೆಂಕಿಯ ಮುಂದೆ ಎಲ್ಲರಿಗಿಂತ ಗಟ್ಟಿಯಾಗಿ ಆಣೆಯಿಟ್ಟವನು ನೀನು.

ಹೊಸ ಕ್ಲಾರಿನೆಟ್ಟು ಹಿಡಿದು ಇಜ್ಮಿರಿನ ಛತ್ರದಲ್ಲಿ ಕೀಬೋರ್ಡಿನ ಜೊತೆ ನುಡಿಸಲು ಹೋಗುವಾಗ ನೀನು ನನಗೆ ಬಿಟ್ಟುಹೋದ ನಿನ್ನಜ್ಜನ ಕ್ಲಾರಿನೆಟ್ಟನ್ನು ಇವತ್ತು ಚಹಾದಂಗಡಿಯಲ್ಲಿ ಮೊದಲ ಸಲ ನುಡಿಸಿದೆ. ನಮ್ಮ ರಾಗಗಳ ಸೆಗಾಹ್ ಸ್ವರ ಮೇಲೇರಿ ನಿಂತಿತು. ತುಟಿ ಸಡಿಲಿಸಿದರೂ ಇಳಿಯಲಿಲ್ಲ.

ಪಿಟೀಲಿನ ಜೆವ್ದೆತ್ ಮಾವ ಕಮಾನು ಕೆಳಗಿಟ್ಟ. "ಏನೋ ಮರಿ, ನಿನ್ನ ಕ್ಲಾರಿನೆಟ್ಟು ಸಂಗೀತ ಕಾಲೇಜು ಸೇರ್ಕೊಂಡ್ತಾ? ನೆಟ್ಟಗೆ ನಿಂತು ಪಾಠ ಒಪ್ಪಿಸ್ತಿದೆಯಲ್ಲೋ!"

ಎಲ್ಲರೂ ನಕ್ಕರು. ನಾನು ತೂತಿನೊಳಗೆ ಕಡ್ಡಿ ಆಡಿಸಿ ನೋಡಿದೆ. ಕೀಬೋರ್ಡಿನ ಯಾವ ಮನೆಯಲ್ಲೂ ಸಿಗದ ಆ ಸ್ವರವನ್ನು ತುಸು ಇಳಿಸಿ ಕೂರಿಸಲು ನಿನ್ನಜ್ಜ ಬಳಿದಿದ್ದ ಮೇಣ ಅಲ್ಲಿರಲಿಲ್ಲ.

"ಕೆರೆದಿದ್ದು ನಾನೇ ಕಣೋ," ಎಂದ ವಾದ್ಯ ರಿಪೇರಿಯ ಬಾಸ್ರಿ. "ಹಬ್ಬಕ್ಕೆ ಮೊದಲೇ ರಮಿಸ್ ತಂದ್ಕೊಟ್ಟಿದ್ದ. ಕೀಬೋರ್ಡಿಗೆ ಹೊಂದ್ಬೇಕು ಅಂದ. ನಿಂಗೆ ಹೇಳಿಲ್ವಾ?"

ಹಬ್ಬಕ್ಕೆ ಮೊದಲು. ಅಂದರೆ ಆಣೆಗೂ ಮೊದಲು.

ನಿನ್ನ ವಿಳಾಸ ಬಾಸ್ರಿಯ ಹತ್ತಿರ ಇದೆ. ನಾನು ಕೇಳುವುದಿಲ್ಲ, ಈ ಪತ್ರವನ್ನು ಕಳಿಸುವುದೂ ಇಲ್ಲ.

ಮನೆಗೆ ಬಂದು ನಾನೇ ಮೇಣ ಬಳಿದೆ. ಈಗ ಸ್ವರ ತೀರಾ ತಗ್ಗಿದೆ. ಮೊದಲು ಎಷ್ಟಿತ್ತೆಂದು ಬಲ್ಲ ಬೆರಳು ನಿನ್ನದೊಂದೇ.

ನಾಳೆ ಬಾಸ್ರಿಯ ಹತ್ತಿರ ವಿಳಾಸ ಕೇಳಿಯೇ ಬಿಡುತ್ತೇನೆ. ಶುಕ್ರವಾರ ಸಂಜೆ ಐದಕ್ಕೆ ಬಾ, ಚಹಾದಂಗಡಿಯ ಹಿಂದೆ, ಹಿಪ್ಪುನೇರಳೆ ಮರದ ಕೆಳಗೆ. ಕ್ಲಾರಿನೆಟ್ಟು ತಂದಿರುತ್ತೇನೆ.