ಒಂದೆಳೆ ಹೆಚ್ಚಿಗೆ

ಮನೆಯಿಂದ,
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಡೇರೆಯ ಬಟ್ಟೆ ಹರಡಿಕೊಂಡು ಬರಿನೆಲದಲ್ಲಿ ಮಂಡಿಯೂರಬೇಡಿ, ಕೆಳಗೆ ದಿಂಬನ್ನಾದರೂ ಹಾಕಿಕೊಳ್ಳಿ ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಾಳೆ. ಸರ್ಕಸ್ಸಿನವರು ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೋ ಇಲ್ಲವೋ? ಹೋದ ವಾರ ಫೋನಿನಲ್ಲಿ ನಿಮ್ಮ ಮಾತಿಗಿಂತ ಹೊಲಿಗೆ ಮಿಷನ್ನಿನ ಸದ್ದೇ ಜಾಸ್ತಿ ಕೇಳಿಸಿತು, ಅದಕ್ಕೇ ಕಾಗದ ಬರೆಯಲು ಕೂತೆ. ಹಗ್ಗ ಕೊಳ್ಳಲು ಬಂದಿರುವ ನಿಮ್ಮ ಸರ್ಕಸ್ ಲಾರಿ ಮಧ್ಯಾಹ್ನ ವಾಪಸು ಹೊರಡುತ್ತದಂತೆ. ಡ್ರೈವರ್ ಇದನ್ನು ನಿಮ್ಮ ಮ್ಯಾನೇಜರ್ ಕೈಗೆ ಕೊಡುತ್ತಾನೆ, ಅವರು ನಿಮಗೆ ಕೊಡುತ್ತಾರೆ. ಇಲ್ಲಿ ಅಮ್ಮ ಮೈಯಲ್ಲಿ ಹುಷಾರಾಗಿಯೇ ಇದ್ದಾಳೆ. ಮನಸ್ಸು ಮಾತ್ರ ನೆಟ್ಟಗಿಲ್ಲ. ನಿನ್ನೆಯಿಂದ ಒಂದೇ ಅಂಗಿಯ ಕಾಜಾ ಬಿಚ್ಚುತ್ತಾಳೆ, ಹೊಲಿಯುತ್ತಾಳೆ, ಮತ್ತೆ ಬಿಚ್ಚುತ್ತಾಳೆ.

ಕಾರಣ ಹೇಳುತ್ತೇನೆ, ಗಾಬರಿಯಾಗಬೇಡಿ. ಗಾಬರಿಯಾಗಬೇಡಿ ಎಂದರೆ ನೀವು ಮೊದಲು ಆಗುವುದೇ ಗಾಬರಿ, ನನಗೆ ಗೊತ್ತು. ನಿಮ್ಮ ಚಿಕ್ಕ ಮಗಳು ಸ್ಕೂಲು ಮುಗಿಸುವ ತನಕ ಅಂಗಡಿಯ ಮಿಷನ್ ತುಳಿದ ನಾನು, ಅವಳ ಜೊತೆಗೇ ಯೂನಿವರ್ಸಿಟಿ ಮೊದಲ ವರ್ಷಕ್ಕೆ ಸೇರಿದಾಗ ನೀವು ಒಂದೇ ಥಾನಿನಲ್ಲಿ ಎರಡು ಅಂಗಿ ಎಂದು ನಕ್ಕಿದ್ದಿರಿ. ಆ ಮಾತೇ ಈಗ ನಮ್ಮ ಕುತ್ತಿಗೆಗೆ ಬಂದಿದೆ. ಓದು ಚೆನ್ನಾಗೇ ನಡೆದಿತ್ತಪ್ಪಾ. ಕ್ಯಾಲ್ಕುಲಸ್ ನನಗೆ ಹಿಡಿಸಿತ್ತು. ಎಂಥ ಬಾಗಿದ ಗೆರೆಯನ್ನಾದರೂ ತೀರಾ ಹತ್ತಿರದಿಂದ ನೋಡಿದರೆ ನೇರವಾಗಿಯೇ ಕಾಣುತ್ತದೆ ಎಂದು ಲೆಕ್ಕದ ಮೇಡಂ ಹೇಳಿದ ದಿನ, ನೇರ ತುಂಡುಗಳನ್ನೇ ಜೋಡಿಸಿ ಡೇರೆಯ ನೆತ್ತಿಯನ್ನು ದುಂಡಗೆ ಮಾಡುವ ನೀವು ನೆನಪಾಗಿ ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ನಕ್ಕೆ. ತಂಗಿಗೆ, ನಮ್ಮ ಕತ್ತರಿಗೆ, ಲೀನಿಯರ್ ಆಲ್ಜೀಬ್ರಾ ಎಂದರೆ ಪ್ರಾಣ. ನಾಲ್ಕೈದು ಸಮೀಕರಣ ಕೊಟ್ಟರೆ ಊಟ ಮರೆತು ಕೂರುತ್ತಾಳೆ. ನೀವು ಅವಳಿಗೆ ಕತ್ತರಿ ಎಂದು ಹೆಸರಿಟ್ಟದ್ದು ಬಾಯಿಗಾದರೂ ಲೆಕ್ಕದಲ್ಲೂ ಅವಳು ಹಾಗೇ ಚುರುಕು.

ಹೋದ ತಿಂಗಳ ಪರೀಕ್ಷೆಯಲ್ಲಿ ಮೂರು ಸಮೀಕರಣಗಳ ಒಂದು ಲೆಕ್ಕ ಇತ್ತು. ಒಂದು ಸಾಲನ್ನು ಇಷ್ಟು ಪಾಲು ಮಾಡಿ ಇನ್ನೊಂದರಿಂದ ಕಳೆಯುತ್ತಾ ಹೋದರೆ ಕೊನೆಯ ಸಾಲು ಪೂರ್ತಿ ಸೊನ್ನೆಯಾಗಬೇಕು. ಹಾಗಾದರೆ ಉತ್ತರ ಒಂದಲ್ಲ, ಲೆಕ್ಕವಿಲ್ಲದಷ್ಟು ಇವೆ ಎಂದರ್ಥ. ನಮ್ಮಿಬ್ಬರಿಗೂ ಅಲ್ಲಿ ಸೊನ್ನೆ ಬರಲಿಲ್ಲ, ಒಂದು ಚೂರು ಉಳಿಯಿತು. ಆ ಚೂರನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ಹೋಗಿ ಒಂದೇ ಒಂದು ಉತ್ತರ ಬರೆದು ಬಂದೆವು, ಅವಳೂ ನಾನೂ ಅಂಕಿ ಅಂಕಿಗೆ ಒಂದೇ. ಪರೀಕ್ಷೆ ಕೋಣೆಯಲ್ಲಿ ಮುಂದಿನ ಬೆಂಚು ನನ್ನದು, ಹಿಂದಿನದು ಅವಳದು. ಸೋಮವಾರ ಡೀನ್ ಇಬ್ಬರನ್ನೂ ಕರೆಸಿ ಎರಡು ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. "ಸರಿ ಉತ್ತರ ಇಬ್ಬರಿಗೂ ಒಂದೇ ಬರಬಹುದು. ತಪ್ಪು ಉತ್ತರ ಒಂದೇ ಹೇಗಮ್ಮಾ ಬರುತ್ತೆ?" ಎಂದರು. ನೋಡಿ ಬರೆದಿಲ್ಲ ಎಂದು ಇಬ್ಬರೂ ಆಣೆ ಮಾಡಿದೆವು.

ಮನೆಗೆ ಬಂದು ಆ ಲೆಕ್ಕವನ್ನು ಮತ್ತೆ ಬಿಡಿಸಲು ಕೂತಾಗ ವಿಷಯ ಹೊಳೆಯಿತು. ಒಂದನ್ನು ಮೂರರಿಂದ ಭಾಗಿಸಿದರೆ ೦.೩೩ ಆದಮೇಲೂ ಮೂರುಗಳು ಮುಗಿಯುವುದಿಲ್ಲ. ಕ್ಲಾಸಿನ ಉಳಿದವರು ಭಿನ್ನರಾಶಿಯಲ್ಲೇ ಬಿಟ್ಟಿದ್ದಾರೆ, ಇಲ್ಲವೇ ೦.೩೩ ಬರೆದಿದ್ದಾರೆ. ನಾವಿಬ್ಬರು ಮಾತ್ರ ೦.೩೪ ಬರೆದಿದ್ದೇವೆ. ಎಲ್ಲೆಲ್ಲಿ ಶೇಷ ಉಳಿಯಿತೋ ಅಲ್ಲೆಲ್ಲ ಮೇಲಕ್ಕೇ ಏರಿಸಿದ್ದೇವೆ. ಯಾಕೆ ಹೇಳಿ? ಕಟಿಂಗ್ ಟೇಬಲ್ಲಿನ ಮೇಲೆ ನಮ್ಮನ್ನು ಕೂರಿಸಿಕೊಂಡು ಭಾಗಾಕಾರ ಕಲಿಸಿದವರು ನೀವು. ನಾನು ಭಿನ್ನರಾಶಿ ಬರೆದರೆ, "ಟೇಪಿನ ಮೇಲೆ ಮೂರನೇ ಒಂದು ಎಲ್ಲಿದೆ ತೋರ್ಸು ನೋಡೋಣ" ಎನ್ನುತ್ತಿದ್ದಿರಿ. "ಕೊನೇಲಿ ಏನಾದ್ರೂ ಉಳೀತಾ? ಒಂದೆಳೆ ಹೆಚ್ಚಿಗೆ ಬಿಡು. ಹೆಚ್ಚಾದ್ರೆ ಮಡಚಬಹುದು, ಕಡಿಮೆಯಾದ್ರೆ ಎಳೆಯೋಕಾಗಲ್ಲ" ಎಂದು ತಲೆಗೆ ಮೊಟಕುತ್ತಿದ್ದಿರಿ. ಆ ಒಂದೆಳೆಯೇ ನಮ್ಮ ಸೊನ್ನೆಯನ್ನು ನುಂಗಿ ಹಾಕಿದೆ. ನಿಮ್ಮ ಮೇಲೆ ಸಿಟ್ಟು ಬಂತಪ್ಪಾ, ಸುಳ್ಳು ಹೇಳುವುದಿಲ್ಲ. ಆಮೇಲೆ ನಿಮ್ಮನ್ನು ನೋಡಬೇಕು ಅನ್ನಿಸಿ ಅಳುವೂ ಬಂತು.

ನಿನ್ನೆ ಹೋಗಿ ಇದನ್ನೆಲ್ಲ ವಿಚಾರಣೆ ಸಮಿತಿಯವರ ಮುಂದೆ ಹೇಳಿದೆವು. ಅವರಲ್ಲೊಬ್ಬರು ಕನ್ನಡಕ ತೆಗೆದು ಒರೆಸುತ್ತಾ "ಒಳ್ಳೇ ಕಥೆ ಹೊಲೀತೀರಮ್ಮಾ" ಎಂದರು. ಶುಕ್ರವಾರ ತೀರ್ಮಾನ. ನಾನೇ ನೋಡಿ ಬರೆದೆ ಎಂದು ಒಬ್ಬಳು ಒಪ್ಪಿಕೊಂಡರೆ ಅವಳು ಮಾತ್ರ ಹೊರಗೆ, ಇನ್ನೊಬ್ಬಳು ಓದು ಮುಂದುವರಿಸಬಹುದು. ಇಬ್ಬರೂ ಒಪ್ಪದಿದ್ದರೆ ಇಬ್ಬರೂ ಹೊರಗೆ. ಕತ್ತರಿ ತಾನೇ ಒಪ್ಪಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. "ನೀನು ಕಾದಿದ್ದು ಸಾಕು ಅಕ್ಕಾ, ಈ ಸಲ ನಾನು ಮಿಷನ್ ತುಳೀತೀನಿ" ಅಂತಾಳೆ. ಅವಳಿಗೆ ಮಿಷನ್ನಿಗೆ ದಾರ ಪೋಣಿಸಲೂ ತಾಳ್ಮೆಯಿಲ್ಲ, ನಿಮಗೆ ಗೊತ್ತು. ಅವಳಿಗಿಂತ ಮೊದಲು ನಾನೇ ಒಪ್ಪಿಕೊಂಡುಬಿಡಬೇಕು ಎಂದುಕೊಳ್ಳುತ್ತೇನೆ. ಆದರೆ ಮಾಡದ ಕಳ್ಳತನವನ್ನು ಮಾಡಿದೆ ಎನ್ನಲು ನಾಲಿಗೆ ಹೊರಳುವುದಿಲ್ಲ. ಇದೇ ವಿಷಯಕ್ಕೆ ಬೆಳಿಗ್ಗೆ ಅಡುಗೆಮನೆಯಲ್ಲಿ ಜೋರು ಜಗಳವಾಯಿತು. ಅಮ್ಮ ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಎಳೆದುಕೊಂಡಳು.

ನಮ್ಮ ಮಾತನ್ನು ಕಿವಿಗೆ ಹಾಕಿಕೊಂಡವರು ಲೆಕ್ಕದ ಮೇಡಂ ಒಬ್ಬರೇ. ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಹೊಸ ಲೆಕ್ಕ ಕೊಡಿ, ಮತ್ತೆ ಅದೇ ತಪ್ಪು ಬರುತ್ತದೆ ಎಂದು ಬೇಡಿಕೊಂಡೆ. "ತಪ್ಪು ಎಲ್ಲಿದೆ ಅಂತ ಈಗ ನಿಮಗೇ ಗೊತ್ತಾಗಿದೆ. ಬೇಕಂತಲೇ ಮಾಡಿದ್ರಿ ಅಂತಾರೆ" ಎಂದರು. ನಿಜವೇ. ನಿನ್ನೆ ಸಂಜೆ ಅವರು ಡೀನ್ ಜೊತೆ ಮಾತಾಡಿ ಒಂದು ದಾರಿ ಹುಡುಕಿದ್ದಾರೆ, ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನೀವು ಉಳಿದದ್ದನ್ನು ಓದುವುದಿಲ್ಲ.

ಕಣ್ಣಿಗೆ ಔಷಧಿ ಹಾಕುವುದನ್ನು ಮರೆಯಬೇಡಿ. ಅಮ್ಮ ತಾನು ಕೇಳಿದೆನೆಂದು ಬರೆಯಬೇಡ ಎಂದಳು, ಅದನ್ನೇ ಬರೆಯುತ್ತಿದ್ದೇನೆ. ಕತ್ತರಿ ಆಗಲೇ ಲಕೋಟೆ ಮೇಲೆ ವಿಳಾಸ ಬರೆದು ಇಟ್ಟಿದ್ದಾಳೆ. ದೂರದಿಂದಲೇ ನಮ್ಮಿಬ್ಬರ ತಲೆ ಮೇಲೂ ಕೈ ಇಡಿ, ಅದಿಲ್ಲದೆ ಶುಕ್ರವಾರ ಆ ಕೋಣೆಯೊಳಗೆ ಕಾಲಿಡಲು ಧೈರ್ಯವಿಲ್ಲ.

ನಿಮ್ಮ
ದೊಡ್ಡ ಮಗಳು

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಈ ಕಾಗದ ಕೊಡುವ ಮೊದಲು ಮ್ಯಾನೇಜರ್ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಒಂದು ಚೀಟಿಯಲ್ಲಿದ್ದ ಭಾಗಾಕಾರಗಳನ್ನು ಮಾಡಿಸಿರುತ್ತಾರೆ. ಅದು ಡೇರೆಯ ಲೆಕ್ಕವಲ್ಲಪ್ಪಾ. ಮೇಡಂ ಬರೆದದ್ದು, ಡೀನ್ ಸಹಿ ಹಾಕಿದ್ದು, ಇದೇ ಲಾರಿಯಲ್ಲಿ ಮ್ಯಾನೇಜರ್ ಹೆಸರಿಗೆ ಬಂದದ್ದು. ಏನೂ ಗೊತ್ತಿಲ್ಲದೆ ನೀವು ಮಾಡುವ ಲೆಕ್ಕವನ್ನು ಮಾತ್ರ ನಂಬುತ್ತೇವೆ ಎಂದು ಡೀನ್ ಹೇಳಿದರು, ಅದಕ್ಕೇ ಮುಚ್ಚಿಟ್ಟೆವು, ಬೈಯಬೇಡಿ. ಚೀಟಿ ಈಗಾಗಲೇ ಲಕೋಟೆ ಸೇರಿ ಅರಗಿನ ಮುದ್ರೆ ಬಿದ್ದಿರುತ್ತದೆ, ನಾಳಿನ ಲಾರಿಯಲ್ಲಿ ಬರುತ್ತದೆ. ಇನ್ನು ತಿದ್ದಲು ಆಗುವುದಿಲ್ಲ. ಮಿಷನ್ ನಿಲ್ಲಿಸಿ ಈಗಲೇ ಒಂದು ಫೋನ್ ಮಾಡಿ. ಕತ್ತರಿಗೆ ಇರುವುದು ಒಂದೇ ಭಯ: ಎದುರಿಗೆ ಮ್ಯಾನೇಜರ್ ಕೂತಿದ್ದಾರೆಂದು ಮರ್ಯಾದೆಗೆ ಅಂಜಿ, ಜೀವಮಾನದಲ್ಲಿ ಮೊದಲ ಸಲ ನೀವು ಸರಿಯಾಗಿ ಭಾಗಿಸಿಬಿಟ್ಟಿದ್ದರೆ? ಒಂದೆಳೆ ಹೆಚ್ಚಿಗೆ ಬಿಟ್ಟಿದ್ದೀರಿ ತಾನೇ ಅಪ್ಪಾ?