ಐದು ಸ್ಟಾರಿನ ಕೋಣೆ

ಆಸ್ಪತ್ರೆಯ ಮೂರನೇ ಮಹಡಿ
ಮಂಗಳವಾರ ಮಧ್ಯಾಹ್ನ

ರೀ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಏನೆಂದು ಕರೆಯಬೇಕೋ ತೋಚಲಿಲ್ಲ. 'ಪ್ರೀತಿಯ' ಎನ್ನಲು ಕೈ ಬರಲಿಲ್ಲ, 'ಮಾನ್ಯರೇ' ಎಂದರೆ ನನಗೇ ನಗು. ಅದಕ್ಕೇ ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೆಯೇ ಕೂಗಿದ್ದೇನೆ. ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀರಿ. ನಿನ್ನೆ ಆಸ್ಪತ್ರೆಯ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟಿರಿ. ಹಾಗಾಗಿ ನಿಮ್ಮ ವರ್ಕ್‌ಶಾಪಿನ ವಿಳಾಸಕ್ಕೆ ಈ ಕೊರಿಯರ್. ನಾಳೆ ಸಂಜೆಯೊಳಗೆ ಕೈಸೇರುತ್ತದಂತೆ.

ನಿಮ್ಮ ಅಮ್ಮ ಬಿದ್ದಿದ್ದಾರೆ. ತೊಡೆಯ ಮೂಳೆ ಮುರಿದಿದೆ. ಶುಕ್ರವಾರ ಬೆಳಿಗ್ಗೆ ಆಪರೇಷನ್. ಈ ವಯಸ್ಸಿನಲ್ಲಿ, ಎದೆಯಲ್ಲಿ ಕಫ ಬೇರೆ ಕಟ್ಟಿರುವಾಗ, ಉಳಿಯುವುದು ಅರ್ಧಕ್ಕರ್ಧ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅಮ್ಮ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ. ಶುಕ್ರವಾರದೊಳಗೆ ಬನ್ನಿ. ಬಂದು ನನ್ನ ಮುಖ ನೋಡದೆ ಹೋದರೂ ಸರಿ.

ಹೇಗೆ ಬಿದ್ದರು ಎಂದು ಕೇಳುತ್ತೀರಿ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನೀವು ಹೋದ ಮೇಲೆ ನಮ್ಮ ಕೋಣೆಯನ್ನು ಬಾಡಿಗೆಗೆ ಬಿಟ್ಟೆ. ತಿಂಗಳ ಬಾಡಿಗೆಗಲ್ಲ, ಊರಿಗೆ ಬಂದುಹೋಗುವವರಿಗೆ ಒಂದು ದಿನ, ಎರಡು ದಿನದ ಲೆಕ್ಕದಲ್ಲಿ. ಒಂದು ಆ್ಯಪ್ ಇದೆ, ಅದರಲ್ಲಿ ಫೋಟೋ ಹಾಕಿದರೆ ಜನ ಬರುತ್ತಾರೆ. ಪರದೆ ಹೊಲಿಯುವ ಕೆಲಸ ಒಂದನ್ನೇ ನಂಬಿ ಮನೆ ನಡೆಯುವ ಹಾಗಿರಲಿಲ್ಲ. ಹೊಸ ಹಾಸಿಗೆ ಹಾಕಿಸಿ, ನಾನೇ ಪರದೆ ಹೊಲಿದು, ನಿಮ್ಮ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಹಾಕುವಾಗ ಅತ್ತಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಬಿಡಿ.

ಅತಿಥಿಗಳು ಬರುತ್ತಾರೆಂದರೆ ನಿಮ್ಮ ಅಮ್ಮನಿಗೆ ಎಲ್ಲಿಲ್ಲದ ಖುಷಿ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರಲ್ಲವೇ. ಚೀಲ ಹಿಡಿದವರನ್ನು ಕಂಡರೆ ಬಾಯಿ ತಾನಾಗಿ ತೆರೆಯುತ್ತದೆ. ಬಂದವರು ಚಪ್ಪಲಿ ಬಿಡುವ ಮೊದಲೇ "ಎಲ್ಲಿಂದ ಬಂದ್ರಿ? ಎಷ್ಟು ದಿನ ಇರ್ತೀರಿ? ವಾಪಸ್ ಹೋಗೋದು ಯಾವ ಗಾಡಿಗೆ?" ಎಂದು ಶುರು. ಕೇಳದೆಯೇ ಚಹಾ ಮಾಡಿ ಕೊಡುವುದು, ಬಾಗಿಲು ತಟ್ಟಿ "ಮಳೆ ಬರೋ ಹಾಗಿದೆ, ಕೊಡೆ ತಗೊಂಡು ಹೋಗಿ" ಎನ್ನುವುದು. ನನಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲ ರಿವ್ಯೂ ಬಂತು. ಐದಕ್ಕೆ ಎರಡು ಸ್ಟಾರ್. 'ಹಾಸಿಗೆ ಪರವಾಗಿಲ್ಲ. ಮನೆಯ ಅಜ್ಜಿ ನಮ್ಮ ರೈಲಿನ ಸಮಯವನ್ನು ನಾಲ್ಕು ಸಲ ಕೇಳಿದರು.' ನನಗೆ ಮೈಯೆಲ್ಲ ಉರಿಯಿತು. 'ಅಜ್ಜಿ ಕೇಳಿದ್ದರಿಂದಲೇ ನಿಮಗೆ ರೈಲು ಸಿಕ್ಕಿದ್ದು' ಎಂದು ಅದರ ಕೆಳಗೇ ಬರೆದು ಹಾಕಿದೆ. ನನ್ನ ಬಾಯಿ ನಿಮಗೆ ಗೊತ್ತಿದೆ. ಅದು ಊರಿಗೆಲ್ಲ ಕಾಣುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಆಮೇಲೆ ಎರಡು ವಾರ ಒಬ್ಬರೂ ಬರಲಿಲ್ಲ. ಕೊನೆಗೆ ಬಂದವನೊಬ್ಬ ಒಂದೇ ಸ್ಟಾರ್ ಕೊಟ್ಟು ಹೋದ. 'ದುಡ್ಡು ಕೊಟ್ಟು ನೆಂಟರ ಮನೆಯಲ್ಲಿ ಉಳಿದಂತಾಯಿತು. ಗೋಡೆಯ ಆಚೆ ಯಾವಾಗಲೂ ಕೆಮ್ಮು, ರೇಡಿಯೋ, ಚಪ್ಪಲಿಯ ಸದ್ದು.'

ಹೀಗೇ ಮುಂದುವರಿದರೆ ಕೋಣೆಯನ್ನು ಪಟ್ಟಿಯಿಂದ ತೆಗೆದುಹಾಕುತ್ತೇವೆ ಎಂದು ಆ್ಯಪಿನವರ ಎಚ್ಚರಿಕೆ ಬಂತು. ಆಗ ಬುದ್ಧಿ ಕಲಿತೆ. ಕೆಟ್ಟ ರಿವ್ಯೂಗೆ ಜಗಳ ಆಡಬಾರದು, ಕ್ಷಮೆ ಕೇಳಬೇಕು, ಏನು ಸರಿಪಡಿಸಿದ್ದೇವೆ ಎಂದು ಬರೆಯಬೇಕು. 'ನಿಮಗಾದ ತೊಂದರೆಗೆ ವಿಷಾದವಿದೆ. ಇನ್ನು ಮುಂದೆ ಸದ್ದು ಇರುವುದಿಲ್ಲ' ಎಂದು ಬರೆದೆ. ಬರೆದ ಮೇಲೆ ನಡೆಸಿಕೊಡಬೇಕಲ್ಲ.

ಅಮ್ಮನನ್ನು ಕೂರಿಸಿಕೊಂಡು ಹೇಳಿದೆ. ಅತಿಥಿಗಳು ಮನೆಯಲ್ಲಿರುವಷ್ಟು ಹೊತ್ತು ಹಿಂದಿನ ಕೋಣೆ ಬಿಟ್ಟು ಬರಬೇಡಿ, ರೇಡಿಯೋ ಹಾಕಬೇಡಿ, ಕರೆಯಬೇಡಿ, ಏನು ಬೇಕಿದ್ದರೂ ಅವರು ಹೊರಗೆ ಹೋದ ಮೇಲೆ. ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ ಮಂಚದ ಪಕ್ಕ ಇಟ್ಟೆ. ಅವರು ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಅಷ್ಟೇ ತಾನೆ? ಕೌಂಟರ್ ಮುಚ್ಚಿದೆ ಅಂತ ಒಂದು ಬೋರ್ಡ್ ನೇತು ಹಾಕ್ಬಿಡು" ಎಂದು ನಕ್ಕರು. ಆ ದಿನ ಊಟ ಮಾತ್ರ ಅವರಿಗೆ ಸೇರಲಿಲ್ಲ.

ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ನಾನು ಹೇಳದೆ ಇದ್ದದ್ದನ್ನೂ ಮಾಡಿದರು. ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿ ಕೆಮ್ಮುತ್ತಿದ್ದರು. ಚಪ್ಪಲಿ ಸದ್ದಾಗುತ್ತದೆಂದು ಅಟ್ಟದ ಗಂಟು ಬಿಚ್ಚಿಸಿ ನಿಮ್ಮ ಹಳೆಯ ಉಣ್ಣೆಯ ಕಾಲುಚೀಲ ತೆಗೆಸಿಕೊಂಡರು. ನುಣುಪು ನೆಲ, ಜಾರುತ್ತೆ ಅಂದೆ. "ನಂಗೇನು ಓಡೋದಿದ್ಯಾ?" ಅಂದರು. ನಾನು ಸುಮ್ಮನಾದೆ. ಯಾಕೆಂದರೆ ಅಷ್ಟು ಹೊತ್ತಿಗೆ ನಾಲ್ಕು ಸ್ಟಾರ್ ಬರಲು ಶುರುವಾಗಿತ್ತು.

ಭಾನುವಾರ ಒಂದು ಜೋಡಿ ಇತ್ತು, ಹೊಸದಾಗಿ ಮದುವೆಯಾದವರು. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಹನ್ನೊಂದಕ್ಕೆ ಬಂದು ಹಿಂದಿನ ಕೋಣೆಯ ಬಾಗಿಲು ತೆರೆದರೆ ಅಮ್ಮ ಮಂಚಕ್ಕೂ ಬೀರುವಿಗೂ ನಡುವೆ ಬಿದ್ದಿದ್ದರು. ಕಾಲು ಬೇರೆ ಯಾರದೋ ಎನ್ನುವ ಹಾಗೆ ತಿರುಗಿಕೊಂಡಿತ್ತು. ಟವೆಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ನಾನು ಕಿರುಚಿದೆ. ಅವರು ಟವೆಲು ಬಿಟ್ಟು ಪಿಸುಮಾತಿನಲ್ಲಿ ಕೇಳಿದ್ದು ಒಂದೇ, "ಅವ್ರು ಹೋದ್ರಾ?"

ಇದು ನಡೆದ ಸಂಗತಿ. ಬೈಯುವುದಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಆದರೆ ಒಂದು ಮಾತು. ಎರಡು ತಿಂಗಳಲ್ಲಿ ಬಂದು ಕರೆದುಕೊಂಡು ಹೋಗ್ತೀನಿ ಎಂದು ಬಾಗಿಲಲ್ಲಿ ನಿಂತು ನಿಮ್ಮ ಅಮ್ಮನ ಕೈಹಿಡಿದು ಹೇಳಿದವರು ನೀವು. ಅವರು ಎಷ್ಟು ದಿನ ಚೀಲ ತುಂಬಿಟ್ಟುಕೊಂಡು ಕಾದರು ಎಂದು ನಾನು ನೋಡಿದ್ದೇನೆ. ಆ ಹೆಂಗಸು ಬಾಯಿಮುಚ್ಚಿಕೊಂಡು ಇರುವುದನ್ನು ಕಲಿತದ್ದು ನನ್ನೊಬ್ಬಳಿಂದಲೇ ಅಲ್ಲ.

ಈಗ ವಾರ್ಡಿನಲ್ಲಿ ಎಂಟು ಮಂಚ. ಪಕ್ಕದ ಮಂಚದವರು ಯಾವ ಊರು ಎಂದು ಕೂಡ ಅಮ್ಮ ಕೇಳಿಲ್ಲ. ನೋವು ಬಂದಾಗ ಕೂಗಿ ಎಂದು ನರ್ಸಮ್ಮ ಹೇಳಿದರೆ, "ಕೂಗಿದ್ರೆ ಯಾರಿಗಾದ್ರೂ ತೊಂದ್ರೆ ಆಗಲ್ವಾ?" ಎಂದು ನನ್ನ ಮುಖ ನೋಡಿದರು. ನಾನು ನೀರು ತರುವ ನೆಪ ಮಾಡಿ ಹೊರಗೆ ಬಂದೆ. ಅಲ್ಲೇ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಆ ಜೋಡಿಯ ರಿವ್ಯೂ ಇಂದು ಬೆಳಿಗ್ಗೆ ಬಂತು. ಐದು ಸ್ಟಾರ್. 'ಇಷ್ಟು ಪ್ರಶಾಂತವಾದ ಮನೆಯನ್ನು ನಾವು ನೋಡಿಯೇ ಇಲ್ಲ.' ಇಡೀ ಆ್ಯಪಿನಲ್ಲಿ ಅದು ನನ್ನ ಮೊದಲ ಐದು ಸ್ಟಾರ್. ಉತ್ತರ ಬರೆಯಲು ಕೂತೆ, ಆಗಲಿಲ್ಲ. ಕೋಣೆಯನ್ನೇ ಪಟ್ಟಿಯಿಂದ ತೆಗೆದುಬಿಟ್ಟೆ.

ಬನ್ನಿ. ಮೂರನೇ ಮಹಡಿ, ಲಿಫ್ಟಿನ ಎಡಕ್ಕೆ, ಕಿಟಕಿಯ ಪಕ್ಕದ ಮಂಚ.

ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವ
ನಾನು

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದಿದ್ದೇನೆ. ಭಾನುವಾರ ನಾನು ಮಾರ್ಕೆಟ್ಟಿಗೆ ಹೋಗಿರಲಿಲ್ಲ. ಮನೆಯಲ್ಲೇ ಇದ್ದೆ. ಒಂಬತ್ತೂವರೆಗೆ ಆ ಜೋಡಿಗೆ ತಿಂಡಿ ಬಡಿಸುತ್ತಿದ್ದಾಗ ಹಿಂದಿನಿಂದ ದಡ್ ಎಂದು ಸದ್ದಾಯಿತು. ಏನದು ಎಂದು ಅವರು ಕೇಳಿದರು. ಪಕ್ಕದ ಮನೆಯ ಬೆಕ್ಕು ಎಂದೆ. ಮೂವರೂ ನಕ್ಕೆವು. ಇನ್ನೊಂದು ಸದ್ದು ಬಂದರೆ ಕೇಳದಿರಲಿ ಎಂದು ಅಡುಗೆಮನೆಯ ನಲ್ಲಿ ತಿರುಗಿಸಿ ಬಿಟ್ಟೆ. ಅಮ್ಮ ಕರೆದಿಲ್ಲವಲ್ಲ, ಏನೂ ಆಗಿರಲಿಕ್ಕಿಲ್ಲ ಎಂದು ಒಂದೂವರೆ ಗಂಟೆ ನನಗೆ ನಾನೇ ಹೇಳಿಕೊಂಡೆ. ಆ ಜೋಡಿಯ ಚೀಲ ಗಾಡಿಗೆ ಏರಿಸಿ, ಕೈಬೀಸಿ, ಆಮೇಲೆ ಆ ಬಾಗಿಲು ತೆರೆದೆ.

ಮಾರ್ಕೆಟ್ಟಿನ ಕಥೆ ನನ್ನದಲ್ಲ. ಬಿದ್ದಾಗ ಮನೆಯಲ್ಲಿ ಯಾರಿದ್ದರು ಎಂದು ಡಾಕ್ಟರು ಕೇಳಿದಾಗ ನಿಮ್ಮ ಅಮ್ಮ ನನಗಿಂತ ಮೊದಲೇ, "ನನ್ನ ಸೊಸೆ ಮಾರ್ಕೆಟ್ಟಿಗೆ ಹೋಗಿದ್ಲು ಡಾಕ್ಟ್ರೇ" ಅಂದರು. ನಲ್ಲಿಯ ಸದ್ದು ಅವರಿಗೆ ಕೇಳಿಸಿತ್ತು. ನಾನು ಹೌದು ಎಂದು ತಲೆ ಆಡಿಸಿದೆ.

ನೀವು ಬಂದರೆ ನಿಮಗೂ ಅದನ್ನೇ ಹೇಳುತ್ತಾರೆ. ಅವರ ಎದುರಿಗೆ ನಂಬಿದ ಹಾಗೆ ಇರಿ, ಶುಕ್ರವಾರದವರೆಗಾದರೂ. ಹೊರಗೆ ಬಂದು ನನ್ನನ್ನು ವಿಚಾರಿಸಿಕೊಳ್ಳಿ. ನಾನು ಈ ಬೆಂಚಿನ ಮೇಲೆಯೇ ಇರುತ್ತೇನೆ.